‘ಹಿತೈಷಿಗಳು’ ಅಂದರೆ ಯಾರು ಸ್ವಾಮೀ?

(ಶಿಕಾರಿಪುರ, ಸೊರಬದ ಕಡೆಯಿಂದ ಬೆಂಗಳೂರಿಗೆ ಬಂದು ಓದುತ್ತಿರುವ, ದುಡಿಯುತ್ತಿರುವ ಕನ್ನಡದ ತರುಣರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಊರಿನಿಂದ ಬರುವವನು ಬರಿಗೈಯಲ್ಲಿ ಬರಬಾರದೆಂದು ನಾನೊಂದು ಪೇಪರ್ ತಂದಿದ್ದೇನೆ. ನಮ್ಮ ಎರಡು ತಾಲ್ಲೂಕುಗಳಲ್ಲಿ ಓಡಾಡುವ ನಾಲ್ಕು ಪುಟದ ಸಣ್ಣ ಪತ್ರಿಕೆ. ಹೆಸರು ಹೇಳುವುದಿಲ್ಲ. ಪಾಪ, ಅದೂ ಕನ್ನಡದ್ದೇ ಕೂಸು, ಕುಂಟುತ್ತಾ ನಡೆಯುತ್ತಿದೆ. ಅದರ ಕೊನೆಯ ಪುಟದಲ್ಲಿ ಅರ್ಧ ಪುಟದ ಜಾಹೀರಾತು ಇದೆ. ಮೇಲೆ ಅಂಚೆಚೀಟಿ ಗಾತ್ರದಲ್ಲಿ ದೆಹಲಿಯ ನಾಯಕರು ಸಾಲಾಗಿ ನಿಂತಿದ್ದಾರೆ. ನಡುವೆ ನಮ್ಮ ಜಿಲ್ಲೆಯ ನಾಯಕರು ಕೈಮುಗಿದುಕೊಂಡು ಪುಟದ ತುಂಬಾ ನಗುತ್ತಿದ್ದಾರೆ. ಬಲಗಡೆ ತಾಲ್ಲೂಕಿನ ಮುಖಂಡರು ಕಿವಿಗೆ ಮೊಬೈಲ್ ಹಿಡಿದುಕೊಂಡಿದ್ದಾರೆ. ಎಲ್ಲಕ್ಕಿಂತ ಕೆಳಗೆ, ಕನ್ನಡಕ ಹಾಕಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಒಂದು ಅಂಗಡಿಯ ಹೆಸರು, ಮತ್ತು ‘ಪಿವಿಸಿ ಪೈಪು, ಬೋರ್‌ವೆಲ್ ಮೋಟಾರು, ಸಿಮೆಂಟ್ ಶೀಟು ಯೋಗ್ಯ ದರದಲ್ಲಿ ದೊರೆಯುತ್ತದೆ’ ಎಂಬ ಸಾಲು. ಪೈಪಿನ ಚಿತ್ರ ಎಲ್ಲಿದೆ ಅಂತ ಹುಡುಕಿದೆ. ಇಲ್ಲ! ಮೋಟಾರೂ ಇಲ್ಲ. ಕಟ್ಟಕಡೆಗೆ ‘ಶುಭ ಕೋರುವವರು: ಅಭಿಮಾನಿ ಬಳಗ ಹಾಗೂ ಹಿತೈಷಿಗಳು’.

ಈಗ ನೀವೇ ಹೇಳಿ, ಇದು ಅಂಗಡಿಯ ಜಾಹೀರಾತೋ, ಪಕ್ಷದ ಜಾಹೀರಾತೋ? ದುಡ್ಡು ಕೊಟ್ಟವರು ಯಾರು? ಈ ಹಿತೈಷಿಗಳು ಯಾರ ಹಿತವನ್ನು ಬಯಸುವವರು? ನಾಯಕರದೋ, ಅಂಗಡಿಯದೋ, ಪೈಪು ಕೊಳ್ಳುವ ರೈತನದೋ?

ಇನ್ನೊಂದು ಮಾತು ಹೇಳದಿದ್ದರೆ ನನ್ನ ಹೊಟ್ಟೆ ಉರಿ ತಣಿಯುವುದಿಲ್ಲ. ಆ ಜಾಹೀರಾತಿನಲ್ಲಿ ‘ಹಾರ್ದಿಕ ಶುಭಾಷಯಗಳು’ ಎಂದು ಅಚ್ಚಾಗಿದೆ. ಶುಭಾಷಯ! ‘ಆಶಯ’ಕ್ಕೆ ಸಾದಾ ಶ ಸಾಕಪ್ಪಾ, ಹೊಟ್ಟೆ ಸೀಳಿದ ಷ ಯಾಕೆ? ನಾಯಕರ ಮೀಸೆಯ ಒಂದೊಂದು ಕೂದಲೂ ಎಣಿಸುವಷ್ಟು ಚೊಕ್ಕವಾಗಿ ಮುದ್ರಿಸುವವರಿಗೆ ಒಂದು ಅಕ್ಷರ ನೋಡಲು ಪುರುಸೊತ್ತಿಲ್ಲ. ಈ ತಪ್ಪು ಒಂದು ಪೇಪರಿನದಲ್ಲ, ಇಡೀ ನಾಡಿನ ಫ್ಲೆಕ್ಸುಗಳ ಮೇಲೆ ನೇತಾಡುತ್ತಿದೆ. ಇರಲಿ.

ನಾನು ಇದನ್ನೆಲ್ಲ ದೂರದಲ್ಲಿ ನಿಂತು ಬೈಯುತ್ತಿಲ್ಲ. ಈ ಕೈಗಳೂ ಆ ಮಸಿ ಮೆತ್ತಿಕೊಂಡಿವೆ. 1990ರ ಅಕ್ಟೋಬರ್‌ನಲ್ಲಿ ಸೊರಬದ ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಯಾದಾಗ ನಾನೊಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಹುಡುಗ. ಕಾಲಿನಲ್ಲಿ ತುಳಿಯುವ ಟ್ರೆಡಲ್ ಮೆಷಿನ್ನು, ಸೀಸದ ಅಕ್ಷರಗಳು. 1967ರಿಂದ ಗೆಲ್ಲಿಸುತ್ತಾ ಬಂದ ನಮ್ಮ ಊರಿನ ಮನುಷ್ಯ ವಿಧಾನಸೌಧದ ಮೂರನೇ ಮಹಡಿ ಹತ್ತಿದಾಗ ಸಂತೋಷವಾಗದೆ ಇರುತ್ತದೆಯೇ? ಬಟ್ಟೆ ಅಂಗಡಿ, ಬೆಳ್ಳಿ ಅಂಗಡಿ, ಗೊಬ್ಬರದ ಅಂಗಡಿ, ಹೋಟೆಲು, ಎಲ್ಲರೂ ಜಾಹೀರಾತು ಕೊಟ್ಟರು. ಬಂಗಾರಪ್ಪನವರ ಫೋಟೋದ ಬ್ಲಾಕ್ ಒಂದೇ ಇತ್ತು. ಅದನ್ನೇ ಎಲ್ಲರ ಜಾಹೀರಾತಿಗೂ ಹಾಕಿ ಹಾಕಿ ಸವೆದು ಹೋಯಿತು. ನಮಗಂತೂ ಅದು ಸುಗ್ಗಿ.

ಎರಡು ವರ್ಷ ಕಳೆಯಿತು. 1992ರ ನವೆಂಬರ್‌ನಲ್ಲಿ ಬಂಗಾರಪ್ಪನವರು ಇಳಿದರು, ವೀರಪ್ಪ ಮೊಯಿಲಿಯವರು ಬಂದರು. ಮರುವಾರ ಒಬ್ಬ ಅಂಗಡಿಯವರು ಪ್ರೆಸ್ಸಿಗೆ ಬಂದು ಧ್ವನಿ ತಗ್ಗಿಸಿ ಕೇಳಿದರು: “ತಮ್ಮಾ, ಮೊನ್ನೆ ಕೊಟ್ಟ ಜಾಹೀರಾತು ಅಚ್ಚಾಯಿತಾ? ಬ್ಲಾಕ್ ತೆಗೆದು ಬರೀ ಅಂಗಡಿ ಹೆಸರು ಹಾಕೋಕೆ ಬರ್ತದಾ?” ಬರುತ್ತದೆ ಅಂದೆ. ನಾಯಕರ ಜಾಗದಲ್ಲಿ ಹೂವಿನ ಬಳ್ಳಿಯ ಒಂದು ಅಲಂಕಾರ ಹಾಕಿದೆ. ಆವತ್ತು ನಕ್ಕಿದ್ದೆ. ನಗುವ ವಿಷಯ ಅಲ್ಲ ಅಂತ ಗೊತ್ತಾಗಲು ಇನ್ನೂ ಹನ್ನೆರಡು ವರ್ಷ ಬೇಕಾಯಿತು.

ನಮ್ಮ ಎರಡು ತಾಲ್ಲೂಕುಗಳ ರಾಜಕೀಯ ನಿಮಗೆ ಗೊತ್ತಿದ್ದದ್ದೇ. ಬೆಂಗಳೂರಿನ ಗೆಳೆಯರಿಗಾಗಿ ಎರಡು ಮಾತು. ಬಂಗಾರಪ್ಪನವರು ಒಂದೇ ಗುರುತಿನಡಿ ಕೂತವರಲ್ಲ. 2004ರಲ್ಲಿ ಕಮಲದ ಗುರುತಿನಲ್ಲಿ ಶಿವಮೊಗ್ಗದ ಸಂಸದರಾದರು, 2005ರ ಉಪಚುನಾವಣೆಯಲ್ಲಿ ಸೈಕಲ್ ಗುರುತಿನಲ್ಲಿ ಅದೇ ಜಾಗಕ್ಕೆ ಗೆದ್ದರು. ಅತ್ತ ಶಿಕಾರಿಪುರದಲ್ಲಿ 1983ರಿಂದ ಬಿ.ಎಸ್. ಯಡಿಯೂರಪ್ಪನವರು. ಅವರೂ 2013ರಲ್ಲಿ ಕಮಲ ಬಿಟ್ಟು ತೆಂಗಿನಕಾಯಿ ಹಿಡಿದು ಗೆದ್ದವರೇ. 2008ರಲ್ಲಿ ಇಬ್ಬರೂ ಶಿಕಾರಿಪುರದಲ್ಲೇ ಎದುರಾಬದುರಾ ನಿಂತರು. ಯಡಿಯೂರಪ್ಪನವರು 45 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದು ಮುಖ್ಯಮಂತ್ರಿಯಾದರು. ಸೊರಬದಲ್ಲಿ ಇನ್ನೂ ವಿಚಿತ್ರ. 2004ರಲ್ಲಿ ಬಂಗಾರಪ್ಪನವರ ಇಬ್ಬರು ಮಕ್ಕಳು, ಕುಮಾರ್ ಮತ್ತು ಮಧು, ಒಬ್ಬರ ಎದುರು ಒಬ್ಬರು ನಿಂತರು. ಆಮೇಲೂ ಆ ಅಣ್ಣತಮ್ಮಂದಿರ ಹಣಾಹಣಿ ನಿಲ್ಲಲಿಲ್ಲ: 2013ರಲ್ಲಿ ಮಧು, 2018ರಲ್ಲಿ ಕುಮಾರ್, 2023ರಲ್ಲಿ ಮತ್ತೆ ಮಧು. ಇಂಥ ಊರಿನಲ್ಲಿ ಅಂಗಡಿ ಇಟ್ಟವನ ಪಾಡು ಯೋಚಿಸಿ. ಪಕ್ಷ ಬೇರೆ ಅಂದರೆ ಸರಿ, ಮನೆಯೇ ಎರಡಾದರೆ ಗೋಡೆಯ ಮೇಲೆ ಯಾರ ಫೋಟೋ ನೇತು ಹಾಕುವುದು?

ಆ 2004ರ ಬೇಸಿಗೆಯ ಕತೆ ಹೇಳುತ್ತೇನೆ. ಒಂದು ಬೀಜ-ಗೊಬ್ಬರದ ಅಂಗಡಿ. ಅಂಗಡಿಯವರು ಒಳ್ಳೆಯ ಮನುಷ್ಯ, ತೂಕದಲ್ಲಿ ಮೋಸವಿಲ್ಲ. ಚುನಾವಣೆಗೆ ಮುಂಚೆ ಅಣ್ಣತಮ್ಮಂದಿರಲ್ಲಿ ಒಬ್ಬರ ಫೋಟೋ ಹಾಕಿ ಸ್ಥಳೀಯ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಯಾರ ಫೋಟೋ ಅನ್ನುವುದು ಇಲ್ಲಿ ಮುಖ್ಯವಲ್ಲ, ಇನ್ನೊಬ್ಬರದು ಹಾಕಿದ್ದರೂ ಕತೆ ಇದೇ ಆಗುತ್ತಿತ್ತು. ಮುಂಗಾರು ಶುರುವಾಯಿತು. ಆನವಟ್ಟಿ ಕಡೆಯ ಒಬ್ಬ ರೈತರು, ನನಗೆ ಹಳೆಯ ಪರಿಚಯ, ಇಪ್ಪತ್ತು ವರ್ಷದಿಂದ ಅದೇ ಅಂಗಡಿಯಲ್ಲಿ ಉದ್ರಿ ತಂದು ಬೆಳೆ ಬಂದ ಮೇಲೆ ತೀರಿಸುತ್ತಿದ್ದವರು. ಆ ವರ್ಷ ಅವರು ಹೆಂಡತಿಯ ಬೆಂಡೋಲೆ ಒತ್ತೆಯಿಟ್ಟು ಶಿರಾಳಕೊಪ್ಪದಲ್ಲಿ ನಗದು ಕೊಟ್ಟು ಗೊಬ್ಬರ ತಂದರು. ನನಗೆ ತಿಳಿದು ಕೇಳಿದೆ:

“ಏನಣ್ಣಾ, ಅಂಗಡಿ ಬದಲಾಯಿಸಿದ್ಯಂತೆ?”

“ಬದಲಾಯಿಸಿಲ್ಲ ಮಾರಾಯ. ಅವ್ರು ಯಾರ ಕಡೆ ಅಂತ ಪೇಪರ್‌ನಾಗೇ ಹಾಕ್ಯಾರಲ್ಲ. ನಾನು ಆ ಕಡೆಯೋನಲ್ಲ ಅಂತ ಊರಿಗೇ ಗೊತ್ತು. ಉದ್ರಿ ಕೇಳಾಕೆ ಬಾಯಿ ಬರಲ್ಲ.”

ಅಂಗಡಿಯವರಿಗೆ ಈ ಮಾತು ಮುಟ್ಟಿಸಿದೆ. ಅವರಿಗೆ ನಿಜವಾಗಿಯೂ ನೋವಾಯಿತು. “ನಾನು ಯಾರಿಗಾದರೂ ಇಲ್ಲ ಅಂದೆನಾ?” ಅಂದರು. ಅಂದಿರಲಿಲ್ಲ. ಅದೇ ನೋಡಿ ವಿಷಯ. ಯಾರೂ ಇಲ್ಲ ಅನ್ನಲಿಲ್ಲ, ಯಾರೂ ಬಾಗಿಲು ಹಾಕಲಿಲ್ಲ, ಜಗಳವಾಗಲಿಲ್ಲ. ಒಂದು ಫೋಟೋ ಅಚ್ಚಾಯಿತು, ಒಂದು ಬೆಂಡೋಲೆ ಅಡವಿಗೆ ಹೋಯಿತು.

ಹಾಗಾದರೆ ಅಂಗಡಿಯವನು ರಾಜಕೀಯ ಮಾಡಲೇಬಾರದೇ? ಹಾಗೆ ಹೇಳುವ ಮೂರ್ಖ ನಾನಲ್ಲ. ಅವನೂ ಪ್ರಜೆ, ಅವನಿಗೂ ಒಂದು ಓಟಿದೆ, ಒಂದು ಮನಸ್ಸಿದೆ. ರಾಜಕೀಯವನ್ನು ಬಹಿರಂಗವಾಗಿ ಬೋರ್ಡಿಗೆ ಹಾಕಿದವರ ಮಣ್ಣು ನಮ್ಮದು! ಶಿಕಾರಿಪುರ ತಾಲ್ಲೂಕಿನ ಈಸೂರನ್ನು ಮರೆತಿರಾ? 1942ರಲ್ಲಿ ಬ್ರಿಟಿಷರ ಕಾಲದಲ್ಲೇ ತಮ್ಮದು ಸ್ವತಂತ್ರ ಊರು ಎಂದು ಸಾರಿ, ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಹಾರಿಸಿ, ಸರ್ಕಾರಿ ಅಧಿಕಾರಿಗಳು ಒಳಗೆ ಬರಕೂಡದು ಎಂದರು. ಅದಕ್ಕಾಗಿ 1943ರ ಮಾರ್ಚ್‌ನಲ್ಲಿ ಆ ಒಂದೇ ಹಳ್ಳಿಯ ಐದು ಜನ ನೇಣಿಗೇರಿದರು. ಅವರು ‘ಹಿತೈಷಿಗಳು’ ಎಂಬ ಮುಸುಕು ಹಾಕಿಕೊಂಡಿರಲಿಲ್ಲ. ಹೆಸರು ಕೊಟ್ಟರು, ಕೊರಳೂ ಕೊಟ್ಟರು.

ಇನ್ನೂ ಹಿಂದಕ್ಕೆ ಹೋಗೋಣ. ನಮ್ಮ ತಾಳಗುಂದದ ಪ್ರಣವೇಶ್ವರ ಗುಡಿಯ ಎದುರಿಗಿರುವ ಕಂಬವನ್ನು ನೋಡಿ. ಐದನೆಯ ಶತಮಾನದ ಕದಂಬರ ಶಾಸನ. ಅದು ರಾಜರ ಹೊಗಳಿಕೆಯೇ, ಇಂದಿನ ಭಾಷೆಯಲ್ಲಿ ಪೂರ್ಣ ಪುಟದ ಜಾಹೀರಾತು! ಕಂಚಿಯಲ್ಲಿ ಅವಮಾನಗೊಂಡ ಮಯೂರಶರ್ಮ ಹೇಗೆ ರಾಜ್ಯ ಕಟ್ಟಿದ ಎಂಬುದನ್ನು ಸಂಸ್ಕೃತದಲ್ಲಿ ಬಣ್ಣಿಸುತ್ತದೆ. ಆದರೆ ಬರೆದವನು ಕುಬ್ಜ ಎಂಬ ಕವಿ, ಬರೆಸಿದವನು ಶಾಂತಿವರ್ಮ ಎಂದು ಕಲ್ಲಿನ ಮೇಲೇ ಇದೆ. ಅದೇ ತಾಲ್ಲೂಕಿನ ಬಳ್ಳಿಗಾವಿಗೆ ಬನ್ನಿ, ಅಲ್ಲಮಪ್ರಭುವಿನ ಊರಿಗೆ. ಅದು ಆ ಕಾಲದ ದೊಡ್ಡ ವ್ಯಾಪಾರದ ಪಟ್ಟಣ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘದವರ ಹನ್ನೊಂದನೆಯ ಶತಮಾನದ ಶಾಸನ ಅಲ್ಲಿ ಸಿಕ್ಕಿದೆ. ತಾವು ನೆಲದ ದಾರಿ, ನೀರಿನ ದಾರಿ ಹಿಡಿದು ಯಾವ ಯಾವ ದೇಶಕ್ಕೆ ಹೋಗುತ್ತೇವೆ, ಆನೆ ಕುದುರೆಯಿಂದ ಹಿಡಿದು ಮುತ್ತು, ರತ್ನ, ಏಲಕ್ಕಿ, ಲವಂಗ, ಗಂಧ, ಕರ್ಪೂರದವರೆಗೆ ಏನೇನು ಮಾರುತ್ತೇವೆ ಎಂದು ಬಾಯಿತುಂಬಾ ಹೇಳಿಕೊಂಡಿದ್ದಾರೆ. ವರ್ತಕರಿಗೆ ರಾಜರ ಹಂಗು ಇರಲಿಲ್ಲ ಅಂತಲ್ಲ, ಇತ್ತು. ಆದರೂ ತಮ್ಮ ಸರಕಿನ ಪಟ್ಟಿಯನ್ನು ಅವರು ಕನ್ನಡಕ ಹಾಕಿ ಓದುವಷ್ಟು ಸಣ್ಣದು ಮಾಡಲಿಲ್ಲ. ನಮ್ಮ ಪೈಪಿನ ಅಂಗಡಿಯವನಿಗೆ ಆ ಕಲ್ಲನ್ನು ಒಂದು ಸಲ ತೋರಿಸಿಕೊಂಡು ಬರಬೇಕು.

ಕಾನೂನು ಏನು ಹೇಳುತ್ತದೆ? ಇದನ್ನು ಗಮನವಿಟ್ಟು ಕೇಳಿ, ನಿಮ್ಮಲ್ಲಿ ವಕೀಲಿಕೆ ಓದುವವರೂ ಇದ್ದೀರಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127-ಎ ಕಲಂ ಪ್ರಕಾರ ಚುನಾವಣೆಯ ಕರಪತ್ರ, ಭಿತ್ತಿಪತ್ರಗಳ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ತಪ್ಪಿದರೆ ಆರು ತಿಂಗಳ ಸೆರೆ, ಇಲ್ಲವೇ 2000 ರೂಪಾಯಿ ದಂಡ, ಇಲ್ಲವೇ ಎರಡೂ. ಪ್ರೆಸ್ಸಿನಲ್ಲಿದ್ದ ನಮಗೆ ಇದು ಕಂಠಪಾಠ. ಚುನಾವಣೆ ಬಂತೆಂದರೆ ಸಾಹೇಬರು ಬಂದು ಹೋಗುತ್ತಿದ್ದರು. ಇನ್ನೊಂದು ಕಲಂ ಇದೆ. ಹಳೆಯ ದಂಡ ಸಂಹಿತೆಯಲ್ಲಿ 171-ಹೆಚ್, 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 176. ಅಭ್ಯರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ಅವನ ಗೆಲುವಿಗಾಗಿ ಬೇರೆಯವರು ಜಾಹೀರಾತು, ಸಭೆ ಇತ್ಯಾದಿಗೆ ಹಣ ಖರ್ಚು ಮಾಡಿದರೆ ಅಪರಾಧ. ದಂಡ 500 ರೂಪಾಯಿ ಇದ್ದದ್ದು ಈಗ ಹತ್ತು ಸಾವಿರದವರೆಗೆ ಆಗಿದೆ. ಒಂದು ವಿನಾಯಿತಿಯೂ ಉಂಟು: ಖರ್ಚು ಹತ್ತು ರೂಪಾಯಿಯೊಳಗಿದ್ದು, ಹತ್ತು ದಿನದೊಳಗೆ ಅಭ್ಯರ್ಥಿಯ ಒಪ್ಪಿಗೆ ತಂದರೆ ಮಾಫಿ. ಹತ್ತು ರೂಪಾಯಿ! ಇಂಗ್ಲಿಷರ ಕಾಲದ ಆ ಹತ್ತು ರೂಪಾಯಿ ಹಾಗೇ ಕೂತಿದೆ. ಇವತ್ತು ಹತ್ತು ರೂಪಾಯಿಗೆ ಅರ್ಧ ಪುಟ ಇರಲಿ, ಅರ್ಧ ಚಹಾ ಸಿಗುವುದೂ ಕಷ್ಟ.

ಒಪ್ಪಿಗೆ ಇದ್ದರೆ? ಆಗ ಆ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರಬೇಕು. 2022ರಿಂದ ನಮ್ಮ ರಾಜ್ಯದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ಮಿತಿ. ಅಂದರೆ ಚುನಾವಣೆಯ ಹೊತ್ತಿನಲ್ಲಿ ಅಂಗಡಿಯ ಹೆಸರಿನ ಒಂದು ಜಾಹೀರಾತು ಎರಡರಲ್ಲಿ ಒಂದು ಆಗಲೇಬೇಕು, ಲೆಕ್ಕ ಅಥವಾ ಅಪರಾಧ. ಹಾಗಿದ್ದೂ ಅದು ಎರಡೂ ಆಗದೆ ‘ಶುಭಾಶಯ’ವಾಗಿ ಪಾರಾಗುತ್ತದೆ. ಹೇಗೆ? ಅಭ್ಯರ್ಥಿಯ ಖರ್ಚಿನ ಲೆಕ್ಕ ಶುರುವಾಗುವುದು ನಾಮಪತ್ರ ಹಾಕಿದ ದಿನದಿಂದ. ಅದಕ್ಕೆ ಮುಂಚಿನ ಹುಟ್ಟುಹಬ್ಬ, ಸನ್ಮಾನ, ಗುದ್ದಲಿ ಪೂಜೆಗಳ ಅರ್ಧ ಪುಟಗಳು ಯಾವ ಪುಸ್ತಕಕ್ಕೂ ಏರುವುದಿಲ್ಲ.

ಉದಾಹರಣೆಗೆ 2023ರ ಫೆಬ್ರವರಿ 27. ಯಡಿಯೂರಪ್ಪನವರಿಗೆ ಎಂಬತ್ತು ತುಂಬಿದ ದಿನ. ಅದೇ ದಿನ ಪ್ರಧಾನಿ ನರೇಂದ್ರ ಮೋದಿಯವರು ಸೋಗಾನೆಗೆ ಬಂದು ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟಿಸಿದರು. ಅದಕ್ಕೆ ಕುವೆಂಪು ಅವರ ಹೆಸರಿಟ್ಟಿದ್ದಾರೆ, ನಮ್ಮಂಥವರಿಗೆ ಅದು ಹೆಮ್ಮೆಯೇ. ಆದರೆ ಅಂಥ ದಿನ ಒಬ್ಬ ವ್ಯಾಪಾರಿ ಜಾಹೀರಾತು ಕೊಟ್ಟರೆ ಅದು ವಿಮಾನ ಬಂದ ಸಂತೋಷವೋ, ಹುಟ್ಟುಹಬ್ಬದ ಹಾರೈಕೆಯೋ, ಎರಡೂವರೆ ತಿಂಗಳಲ್ಲಿ ಬರಲಿದ್ದ ಮೇ 10ರ ಮತದಾನದ ಪ್ರಚಾರವೋ? ಕೊಟ್ಟವನಿಗೂ ಗೊತ್ತಿರುವುದಿಲ್ಲ! ಕಾಂಗ್ರೆಸ್ಸಿನವರು ಅಧಿಕಾರಕ್ಕೆ ಬಂದ ಮೇಲೆ ಅವರ ನಾಯಕರ ಹುಟ್ಟುಹಬ್ಬಗಳೂ ಹಾಗೇ ಬರುತ್ತವೆ. ಬಣ್ಣ ಬೇರೆ, ಚೌಕಟ್ಟು ಒಂದೇ.

ಇದರ ಪಕ್ಕದಲ್ಲಿ ಇನ್ನೊಂದು ಜಾಹೀರಾತು ಇಟ್ಟು ನೋಡಿ. ಅದೇ 2023ರ ಮೇ 5ರಂದು ಕೆಪಿಸಿಸಿಯವರು ಪತ್ರಿಕೆಗಳಲ್ಲಿ ಭ್ರಷ್ಟಾಚಾರದ ‘ದರಪಟ್ಟಿ’ ಹಾಕಿದರು. ಮರುದಿನವೇ ಚುನಾವಣಾ ಆಯೋಗ ಅವರಿಗೆ ನೋಟಿಸ್ ಕೊಟ್ಟು, ಇದಕ್ಕೆ ಆಧಾರ ತೋರಿಸಿ ಎಂದಿತು. ಜಾಹೀರಾತು ಸರಿಯೋ ತಪ್ಪೋ, ಆ ವಾದ ಬೇರೆ. ನೋಟಿಸ್ ಕೊಡಲು ಒಂದು ವಿಳಾಸವಾದರೂ ಇತ್ತು. ‘ಹಿತೈಷಿಗಳಿಗೆ’ ನೋಟಿಸ್ ಕೊಡಬೇಕಾದರೆ ಪೋಸ್ಟ್‌ಮ್ಯಾನ್ ಯಾವ ಬೀದಿಗೆ ಹೋಗಬೇಕು?

ಇನ್ನೂ ಸೂಕ್ಷ್ಮವಾದದ್ದು ಒಂದಿದೆ, ಇದು ನಿಮಗೆ ಚೆನ್ನಾಗಿ ನೆನಪಿರುತ್ತದೆ. ಆ ಚುನಾವಣೆಗೆ ತಿಂಗಳಿರುವಾಗ, ಏಪ್ರಿಲ್ 5ರಂದು, ಅಮುಲ್ ಸಂಸ್ಥೆ ಬೆಂಗಳೂರಿಗೆ ಹಾಲು ಮೊಸರು ತರುತ್ತೇವೆ ಎಂದು ಟ್ವಿಟರ್‌ನಲ್ಲಿ ಪ್ರಕಟಿಸಿತು. ಅದರಲ್ಲಿ ಯಾವ ನಾಯಕರ ಮುಖವೂ ಇರಲಿಲ್ಲ, ಯಾವ ಚಿಹ್ನೆಯೂ ಇರಲಿಲ್ಲ. ಬರೀ ಹಾಲು. ಆದರೂ ಎರಡು ದಿನದಲ್ಲಿ ನಾಡೇ ಎದ್ದು ಕೂತಿತು. ಬೆಂಗಳೂರಿನ ಹೋಟೆಲುಗಳ ಸಂಘ ನಾವು ನಂದಿನಿಯನ್ನೇ ಬಳಸುತ್ತೇವೆ ಎಂದಿತು. ನಿಮ್ಮಲ್ಲಿ ಎಷ್ಟೋ ಜನ ಆಗ ಬೀದಿಗಿಳಿದವರೇ. ಯಾಕೆ? ಶಿಕಾರಿಪುರ, ಸೊರಬದ ಮನೆಗಳ ಎಮ್ಮೆ-ಹಸುವಿನ ಹಾಲು ಡೇರಿ ಹತ್ತಿ ಶಿವಮೊಗ್ಗ ಹಾಲು ಒಕ್ಕೂಟಕ್ಕೆ ಹೋಗಿ ನಂದಿನಿಯಾಗುತ್ತದೆ. ಅದು ನಮ್ಮ ಅಮ್ಮಂದಿರ ಕೈಖರ್ಚಿನ ದುಡ್ಡು. ಅಲ್ಲಿ ರಾಜಕೀಯ ಇತ್ತು, ಆದರೆ ಬಚ್ಚಿಟ್ಟುಕೊಂಡಿರಲಿಲ್ಲ. ಯಾರು ಮಾರುತ್ತಾರೆ, ಯಾರು ಬೇಡ ಅನ್ನುತ್ತಾರೆ, ಯಾಕೆ ಅನ್ನುತ್ತಾರೆ, ಎಲ್ಲವೂ ಬೀದಿಯ ಮೇಲೇ ಇತ್ತು. ಇಂಥ ಜಗಳಕ್ಕೆ ನಾನು ಯಾವತ್ತೂ ತಯಾರು.

ಸಣ್ಣ ಪತ್ರಿಕೆಗಳ ಕತೆಯನ್ನೂ ಹೇಳಬೇಕು. ಅವರನ್ನು ಬೈಯುವುದು ಸುಲಭ. ನಾಲ್ಕು ಪುಟದ ಕನ್ನಡ ಪತ್ರಿಕೆಯನ್ನು ಓದುಗರು ಕೊಡುವ ಒಂದೆರಡು ರೂಪಾಯಿಯಲ್ಲಿ ನಡೆಸಲು ಯಾರಿಂದ ಸಾಧ್ಯ? ಕಾಗದಕ್ಕೇ ಸಾಲದು. ಅಂಗಡಿಯ ಜಾಹೀರಾತು ಬೇಕೇ ಬೇಕು. ಮೊದಲು ಅಂಗಡಿಯವರು ದೀಪಾವಳಿಗೆ, ಯುಗಾದಿಗೆ, ಶಾಲೆ ಶುರುವಾಗುವಾಗ ಕೊಡುತ್ತಿದ್ದರು. ಈಗ ಊರಿನ ಅಂಗಡಿಯ ವ್ಯಾಪಾರವನ್ನೇ ನಿಮ್ಮ ಮೊಬೈಲಿನೊಳಗಿನ ಕಂಪನಿಗಳು ನುಂಗಿವೆ. ಹೌದು, ನಿಮ್ಮ ಮೊಬೈಲೇ, ನನ್ನನ್ನು ಹಾಗೆ ನೋಡಬೇಡಿ! ಉಳಿದಿರುವುದು ನಾಯಕರ ಹುಟ್ಟುಹಬ್ಬ ಮಾತ್ರ. ಹಾಗಾಗಿ ಕೊನೆಯ ಪುಟದಲ್ಲಿ ಕೈಮುಗಿದು ನಗುವವರ ಬಗ್ಗೆ ಮೊದಲ ಪುಟದಲ್ಲಿ ಏನು ಬರೆಯುವುದು? ಒಬ್ಬ ಸಂಪಾದಕರು, ವಯಸ್ಸಾದವರು, ನನಗೆ ಹೇಳಿದರು: “ಊರಿನ ರಸ್ತೆ ಹಾಳಾಗಿದೆ ಅಂತ ಬರೀತೀನಿ. ಯಾರು ಹಾಳು ಮಾಡಿದ್ರು ಅಂತ ಬರೆಯೋದಕ್ಕೆ ಜಾಗ ಸಾಲೋದಿಲ್ಲ.” ಕನ್ನಡ ಉಳಿಯಬೇಕು ಎಂದು ನವೆಂಬರ್ ಒಂದರಂದು ಕೂಗುವ ನಾವು, ನಮ್ಮ ಊರಿನ ಕನ್ನಡ ಪತ್ರಿಕೆಗೆ ವರ್ಷದ ಚಂದಾ ಕಳಿಸಿದ್ದೇವೆಯೇ? ಕೈ ಎತ್ತಿ ನೋಡೋಣ. ...ಮೂರು ಜನ. ಸರಿ, ಮುಂದೆ ಹೋಗೋಣ.

ಕಂಪನಿ ಕಾನೂನಿನವರಿಗೆ ಈ ರೋಗ ಗೊತ್ತಿಲ್ಲದೆ ಇಲ್ಲ. ರಾಜಕೀಯ ಪಕ್ಷದ ಸ್ಮರಣ ಸಂಚಿಕೆಗೆ ಕಂಪನಿಯೊಂದು ಜಾಹೀರಾತು ಕೊಟ್ಟರೆ ಅದನ್ನು ಪಕ್ಷಕ್ಕೆ ಕೊಟ್ಟ ವಂತಿಗೆ ಎಂದೇ ಎಣಿಸಬೇಕೆಂದು 2013ರ ಕಂಪನಿ ಕಾಯ್ದೆಯ 182ನೇ ಕಲಂ ಹೇಳುತ್ತದೆ. ಆದರೆ ಅದು ಕಂಪನಿಗೆ, ಅದೂ ಪಕ್ಷದ ಪ್ರಕಟಣೆಗೆ. ಊರಿನ ಪೈಪಿನ ಅಂಗಡಿ ಕಂಪನಿಯಲ್ಲ, ಊರಿನ ಪೇಪರ್ ಪಕ್ಷದ್ದಲ್ಲ. ಬಲೆಯ ಕಣ್ಣು ದೊಡ್ಡದು, ನಮ್ಮ ಮೀನು ಸಣ್ಣದು.

ಈಗ ಈ ಪೇಪರಿಗೆ ವಾಪಸ್ ಬರುತ್ತೇನೆ. ಈ ಅಂಗಡಿ ಯಾರದು ಗೊತ್ತೇ? 1992ರಲ್ಲಿ ಬ್ಲಾಕ್ ತೆಗೆಸಲು ಬಂದಿದ್ದರಲ್ಲ, ಅವರ ಮಗನದು. ಅಪ್ಪ ಈಗಿಲ್ಲ. ಕಳೆದ ಸಲ ಊರಿಗೆ ಹೋದಾಗ ಅಂಗಡಿಗೇ ಹೋಗಿ ಪೇಪರ್ ಬಿಡಿಸಿಟ್ಟು ಕೇಳಿದೆ:

“ಏನಪ್ಪಾ, ಈ ಹಿತೈಷಿಗಳು ಯಾರು?”

ಹುಡುಗ ನಕ್ಕ. “ಅಣ್ಣಾ, ನಮ್ಮ ಅಂಗಡಿ ಹೆಸರಿನಲ್ಲಿ ಜಾಹೀರಾತು ಬಂದಿದ್ದು ನನಗೂ ಪೇಪರ್ ನೋಡಿದ ಮೇಲೇ ಗೊತ್ತಾಗಿದ್ದು. ತಾಲ್ಲೂಕಿನವರು ಬಂದು ‘ಒಂದು ಅರ್ಧ ಪುಟ ನಿನ್ನ ಲೆಕ್ಕಕ್ಕೆ’ ಅಂದಿದ್ದರು. ಯಾವಾಗ, ಏನು ಅಂತ ಹೇಳಿರಲಿಲ್ಲ. ಮೂರನೇ ದಿನ ಬಿಲ್ ಬಂತು. ಕೊಟ್ಟೆ.”

“ಬೇಡ ಅನ್ನಬಾರದಿತ್ತಾ?”

“ಪಂಚಾಯ್ತಿ ಕೆಲಸಕ್ಕೆ ಪೈಪು ಹೋಗೋದು ಯಾವ ಅಂಗಡಿಯಿಂದ ಅಂತ ನೀವೇ ಲೆಕ್ಕ ಹಾಕಿ ಅಣ್ಣಾ.”

ನಾನು ಲೆಕ್ಕ ಹಾಕಲಿಲ್ಲ. ಆ ಕಡೆಯವರು ಏನೂ ಅನ್ನಲಿಲ್ಲವೇ ಎಂದು ಕೇಳಿದೆ.

“ಅವರೂ ಬಂದು ಹೋದರು. ಬರುವ ತಿಂಗಳು ಅವರದ್ದೂ ಅರ್ಧ ಪುಟ ಇದೆ.”

ಚಹಾ ತರಿಸಿದ, ಕುಡಿದೆ. ಹೊರಡುವಾಗ ಹೇಳಿದೆ, “ಅದರಲ್ಲಾದರೂ ಒಂದು ಪೈಪಿನ ಚಿತ್ರ ಹಾಕಿಸಪ್ಪಾ. ಶುಭಾಶಯಕ್ಕೆ ಸರಿಯಾದ ಶ ಹಾಕಿಸು.”

“ಶ ಹಾಕಿಸ್ತೀನಿ ಅಣ್ಣಾ,” ಅಂದ. “ಪೈಪು, ಜಾಗ ಉಳಿದರೆ ನೋಡೋಣ.”